1940ರಲ್ಲಿ ಹಿಂದೂ, 1970ರಲ್ಲಿ ಬಿಳಿಯ

ಒಂದು ಪ್ರಶ್ನೆಯಿಂದ ಶುರು ಮಾಡೋಣ. 1930ರಲ್ಲಿ ಕ್ಯಾಲಿಫೋರ್ನಿಯಾದ ಹೊಲದಲ್ಲಿ ದುಡಿಯುತ್ತಿದ್ದ ಪಂಜಾಬಿ ಸಿಖ್ ರೈತನ ಮನೆಗೆ ಜನಗಣತಿಯವರು ಬಂದರೆ, ಅವನ ಜನಾಂಗ ಅಂತ ಏನು ಬರೆದುಕೊಳ್ಳಬೇಕಿತ್ತು ಗೊತ್ತಾ? 'ಹಿಂದೂ'. ಮುಸ್ಲಿಮನಾಗಿದ್ದರೂ ಅದೇ. 1920, 1930, 1940ರ ಗಣತಿಗಳಲ್ಲಿ ಭಾರತದಿಂದ ಬಂದವರಿಗೆಲ್ಲ ಅದೊಂದೇ ಹೆಸರು. ಅಲ್ಲಿ ಅದು ಧರ್ಮವಲ್ಲ, ಜನಾಂಗ.

ಇದು ಬರೀ ಕಾಗದದ ಮಾತಾಗಿರಲಿಲ್ಲ. ಹೊರಗಿನಿಂದ ಬಂದವರು ಅಮೆರಿಕದ ಪೌರರಾಗಬೇಕಾದರೆ 'ಬಿಳಿಯರು' ಇಲ್ಲವೇ ಆಫ್ರಿಕಾ ಮೂಲದವರಾಗಿರಬೇಕು ಅನ್ನೋದು ಆಗಿನ ಕಾನೂನು. 1922ರ ನವೆಂಬರ್‌ನಲ್ಲಿ ಜಪಾನ್ ಮೂಲದ ಟಕಾವೊ ಒಜಾವಾ ಪೌರತ್ವ ಕೇಳಿದಾಗ ಸುಪ್ರೀಂ ಕೋರ್ಟ್, ಮೈಬಣ್ಣ ಲೆಕ್ಕಕ್ಕಿಲ್ಲ, 'ಕಕೇಶಿಯನ್' ಆಗಿರಬೇಕು ಅಂದಿತು. ಮೂರೇ ತಿಂಗಳಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣ ಬಂತು. ಥಿಂಡ್ ಪಂಜಾಬಿನ ಸಿಖ್, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆಗಿನ ಜನಾಂಗಶಾಸ್ತ್ರದ ಪ್ರಕಾರ ತಾನು ಕಕೇಶಿಯನ್, ಅದರಲ್ಲೂ ಮೇಲ್ಜಾತಿಯವನು ಅನ್ನೋದು ಅವರ ವಾದ. 1923ರ ಫೆಬ್ರವರಿ 19ರಂದು ಕೋರ್ಟ್ ಅದನ್ನೂ ತಳ್ಳಿಹಾಕಿತು: ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ಕಣ್ಣಿಗೆ ಇವರು ಬಿಳಿಯರಲ್ಲ. ಎರಡೂ ತೀರ್ಪು ಬರೆದವರು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್ಲ್ಯಾಂಡ್!

ಆಗಲೇ ಪೌರರಾಗಿದ್ದ ಹಲವು ಭಾರತೀಯರು ಪೌರತ್ವ ಕಳೆದುಕೊಂಡರು. ಅವರಲ್ಲೊಬ್ಬರಾದ ವೈಷ್ಣೋ ದಾಸ್ ಬಗಾಯಿ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಥಿಂಡ್ ಅವರ ವಾದ ಓದುವಾಗ ನನಗೆ ಮುಜುಗರವಾಗುತ್ತೆ. ಈ ಬೇಲಿಯೇ ತಪ್ಪು ಅನ್ನಲಿಲ್ಲ ಅವರು. ನನ್ನನ್ನು ಬೇಲಿಯ ಒಳಗೆ ಬಿಡಿ, ಊರಲ್ಲಿ ನಾನು ಮೇಲಿನವನು ಅಂದರು. ನಮ್ಮ ಪಾರ್ಟಿಗಳಲ್ಲಿ ಇಂಥ ಮಾತು ಈಗಲೂ ಕೇಳಿಸುತ್ತೆ, ಅಲ್ವಾ?

1946ರ ಕಾಯ್ದೆಯಿಂದ ಭಾರತೀಯರಿಗೆ ಪೌರತ್ವದ ದಾರಿ ತೆರೆಯಿತು. 1970ರ ಗಣತಿ ನಮ್ಮನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿತು. ಅಲ್ಲಿನ ಭಾರತೀಯ ಸಂಘಟನೆಗಳು ಬೇಡವೆಂದು ಪಟ್ಟುಹಿಡಿದ ಮೇಲೆ 1980ರಲ್ಲಿ 'ಏಷ್ಯನ್ ಇಂಡಿಯನ್' ಬಂತು. ಅಂದರೆ ಒಬ್ಬನೇ ಮನುಷ್ಯ 1940ರಲ್ಲಿ ಹಿಂದೂ, 1970ರಲ್ಲಿ ಬಿಳಿಯ, 1980ರಲ್ಲಿ ಏಷ್ಯನ್ ಇಂಡಿಯನ್ ಆಗಿರಬಹುದು. ಅವನ ಮೈಬಣ್ಣ, ಅಮ್ಮನ ಭಾಷೆ ಯಾವುದೂ ಬದಲಾಗದೆ.

ಡೇಟಾ ಜೊತೆ ದಿನಾ ಕೆಲಸ ಮಾಡುವವನಾಗಿ ನಾನು ಹೇಳೋದಿಷ್ಟು: ಯಾವ ಕಾಲಮ್ಮಿನ ಆಯ್ಕೆಗಳೂ ತಾವಾಗೇ ಹುಟ್ಟಿದ್ದಲ್ಲ, ಯಾರೋ ಕೂತು ತೀರ್ಮಾನಿಸಿದ್ದು. ಹಾಗಂತ ಕಾಲಮ್ಮೇ ಬೇಡ ಅನ್ನೋಕೂ ಆಗಲ್ಲ. ಎಣಿಕೆಗೆ ಸಿಗದವರಿಗೆ ಆಗೋ ತಾರತಮ್ಯವೂ ಎಣಿಕೆಗೆ ಸಿಗಲ್ಲ. ಆದ್ದರಿಂದ ಟಿಕ್ ಹಾಕಿ, ಆದರೆ ಅದೇ ನೀವು ಅಂದುಕೊಳ್ಳಬೇಡಿ.

ಜನಾಂಗದ ಆ ಪ್ರಶ್ನೆಯಲ್ಲಿ 'ಕನ್ನಡಿಗ' ಅನ್ನೋ ಚೌಕ ಇಲ್ಲ. ಆದರೆ ಅಲ್ಲಿನ ಗಣತಿ ಇಲಾಖೆಯ ಅಮೆರಿಕನ್ ಕಮ್ಯುನಿಟಿ ಸರ್ವೇ ಇನ್ನೊಂದು ಪ್ರಶ್ನೆ ಕೇಳುತ್ತೆ: ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುತ್ತೀರಾ, ಯಾವುದು? ಈ ಪ್ರಶ್ನೆಗೆ ನಿಮ್ಮ ಅಜ್ಜ ಯಾರು, ಬಣ್ಣ ಯಾವುದು, ಜಾತಿ ಯಾವುದು ಬೇಕಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮಕ್ಕಳ ಜೊತೆ ಏನು ಮಾತಾಡಿದಿರಿ ಅನ್ನೋದಷ್ಟೇ ಸಾಕು.