ಸೇನಾ ಸಿಬ್ಬಂದಿಗೆ ಗೋಪ್ಯ ಮಾಹಿತಿ ಸಂರಕ್ಷಣೆಯ ತರಬೇತಿ

ಪೀಠಿಕೆ
ದೇಶದ ರಕ್ಷಣೆಗೆ ಸಂಬಂಧಿಸಿದ ಮಾಹಿತಿಯು ಅನಧಿಕೃತ ವ್ಯಕ್ತಿಗಳಿಗೆ ತಲುಪದಂತೆ ಕಾಪಾಡುವುದು ಪ್ರತಿಯೊಬ್ಬ ಸೈನಿಕನ ಕರ್ತವ್ಯವಾಗಿದೆ. ಈ ತರಬೇತಿಯ ಮುಖ್ಯಾಂಶಗಳನ್ನು ಹಾಗೂ ಅರ್ಜಿದಾರರಿಗೆ ಅನ್ವಯಿಸುವ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ವರ್ಗೀಕರಣ
ಸರ್ಕಾರಿ ದಾಖಲೆಗಳನ್ನು ಪರಮ ರಹಸ್ಯ, ರಹಸ್ಯ, ಗೋಪ್ಯ ಹಾಗೂ ನಿರ್ಬಂಧಿತ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗುತ್ತದೆ. ಹುದ್ದೆ ಎಷ್ಟೇ ಉನ್ನತವಾಗಿದ್ದರೂ, ಕರ್ತವ್ಯ ನಿರ್ವಹಣೆಗೆ ಅಗತ್ಯವಿರುವವರಿಗೆ ಮಾತ್ರ ಮಾಹಿತಿ ನೀಡತಕ್ಕದ್ದು ಎಂಬುದು ತರಬೇತಿಯ ಮೂಲ ತತ್ವ.

ತರಬೇತಿಯ ಅಂಶಗಳು
1. ದಾಖಲೆಗಳ ನೋಂದಣಿ, ಬೀಗಮುದ್ರೆಯಲ್ಲಿ ಸಂಗ್ರಹ ಮತ್ತು ಕ್ರಮಬದ್ಧ ನಾಶ.
2. ದೂರವಾಣಿ, ರೈಲು ಪ್ರಯಾಣ ಹಾಗೂ ಸಾರ್ವಜನಿಕ ಸ್ಥಳಗಳಲ್ಲಿ ಮಾತಿನ ಎಚ್ಚರ.
3. ಅಪರಿಚಿತರು ಸ್ನೇಹದ ಸೋಗಿನಲ್ಲಿ ಮಾಹಿತಿ ಕೇಳಿದಾಗ ಮೇಲಧಿಕಾರಿಗಳಿಗೆ ವರದಿ ಮಾಡುವುದು.
4. ಮೊಬೈಲ್ ಮತ್ತು ಅಂತರಜಾಲ ಬಳಕೆಯ ನಿರ್ಬಂಧಗಳು. 2020ರ ಜುಲೈನಲ್ಲಿ ಭೂಸೇನೆಯು ಫೇಸ್‌ಬುಕ್ ಸೇರಿದಂತೆ 89 ಆ್ಯಪ್‌ಗಳನ್ನು ತೆಗೆದುಹಾಕುವಂತೆ ಸಿಬ್ಬಂದಿಗೆ ಸೂಚಿಸಿತ್ತು.

ಕಾನೂನು
ಅಧಿಕೃತ ರಹಸ್ಯಗಳ ಅಧಿನಿಯಮ, 1923ರ 3ನೇ ಪ್ರಕರಣದಡಿ ರಕ್ಷಣೆಗೆ ಸಂಬಂಧಿಸಿದ ಗೂಢಚರ್ಯೆಗೆ 14 ವರ್ಷಗಳವರೆಗೆ ಕಾರಾವಾಸ ವಿಧಿಸಬಹುದು. 5ನೇ ಪ್ರಕರಣದಡಿ ಮಾಹಿತಿಯನ್ನು ಅಕ್ರಮವಾಗಿ ನೀಡಿದವರಷ್ಟೇ ಅಲ್ಲದೆ, ಅಕ್ರಮವೆಂದು ತಿಳಿದೂ ಪಡೆದವರು ಸಹ ಶಿಕ್ಷಾರ್ಹರು. ಈ ಅಧಿನಿಯಮವು ನಾಗರಿಕರಿಗೂ ಅನ್ವಯಿಸುತ್ತದೆ.

ಕುಟುಂಬದವರ ಗಮನಕ್ಕೆ
ಸೈನಿಕರಿಗೆ ಬರೆಯುವ ಪತ್ರದ ಮೇಲೆ ಊರಿನ ಹೆಸರಿನ ಬದಲು ಘಟಕದ ಹೆಸರು ಹಾಗೂ 56 ಎ.ಪಿ.ಓ. ಅಥವಾ 99 ಎ.ಪಿ.ಓ. ಎಂದು ನಮೂದಿಸುವುದು ಘಟಕವಿರುವ ಸ್ಥಳವು ಬಹಿರಂಗವಾಗದಿರಲೆಂದೇ. ಆ ಸ್ಥಳವನ್ನು ಭಾವಚಿತ್ರದ ಮೂಲಕವಾಗಲಿ, ಸಂದೇಶದ ಮೂಲಕವಾಗಲಿ ಪ್ರಕಟಿಸಿದರೆ ಈ ವ್ಯವಸ್ಥೆಯು ನಿಷ್ಫಲವಾಗುತ್ತದೆ. ಬಿಡಿಬಿಡಿಯಾಗಿ ಅಲ್ಪವೆನಿಸುವ ವಿವರಗಳು ಒಟ್ಟುಗೂಡಿದಾಗ ಸೈನಿಕರ ಪ್ರಾಣಕ್ಕೆ ಅಪಾಯ ತರಬಲ್ಲವು.

ಮಾಹಿತಿ ಹಕ್ಕು
ಗೋಪ್ಯತೆಯು ನಾಗರಿಕರ ನ್ಯಾಯಯುತ ಹಕ್ಕನ್ನು ಕಸಿಯುವುದಿಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 8(1)(ಎ) ಅನ್ವಯ ದೇಶದ ಭದ್ರತೆಗೆ ಧಕ್ಕೆ ತರುವ ಮಾಹಿತಿಯನ್ನು ನಿರಾಕರಿಸಬಹುದು. ಆದರೆ ಅರ್ಜಿದಾರರ ಸ್ವಂತ ಪಿಂಚಣಿಯ ಲೆಕ್ಕ ಅಥವಾ ಅರ್ಜಿಯ ಸ್ಥಿತಿಗತಿ ಸಾಮಾನ್ಯವಾಗಿ ಇಂತಹ ಮಾಹಿತಿಯಲ್ಲ. ದಾಖಲೆಯ ಒಂದು ಭಾಗ ಮಾತ್ರ ಗೋಪ್ಯವಾಗಿದ್ದಲ್ಲಿ, ಪ್ರಕರಣ 10ರಂತೆ ಉಳಿದ ಭಾಗವನ್ನು ಬೇರ್ಪಡಿಸಿ ನೀಡಬಹುದು. ಸಾರ್ವಜನಿಕ ಮಾಹಿತಿ ಅಧಿಕಾರಿಯು 30 ದಿನಗಳೊಳಗೆ ಉತ್ತರಿಸತಕ್ಕದ್ದು. ನಿರಾಕರಿಸಿದಲ್ಲಿ ಕಾರಣವನ್ನು ತಿಳಿಸತಕ್ಕದ್ದು. ಉತ್ತರವು ತೃಪ್ತಿಕರವಲ್ಲದಿದ್ದಲ್ಲಿ, ಅದು ತಲುಪಿದ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದು.