ಉರಿಯುವ ದೀಪ ಯಾವುದು?

ವೀಕ್ಷಕರ ದೂರವಾಣಿ ಕರೆಗಳನ್ನು ಸ್ವೀಕರಿಸುವ ನೇರ ಪ್ರಸಾರದಲ್ಲಿ ಒಂದೊಂದೇ ರಿಸೀವರ್ ಎತ್ತಿ ‘ಯಾರಾದರೂ ಇದ್ದೀರಾ?’ ಎಂದು ಕೇಳುತ್ತ ಕೂರುವುದಿಲ್ಲ. ಕರೆ ಬಂದ ಲೈನಿನ ಪುಟ್ಟ ದೀಪ ಉರಿಯುತ್ತದೆ, ಅಷ್ಟು ಸಾಕು. ಕಂಪ್ಯೂಟರಿನ ಒಳಗೂ ಇಂಥ ದೀಪಗಳ ಸಾಲುಗಳಿವೆ ಎನ್ನಬಹುದು. ಅಲ್ಲಿ ಒಂದೊಂದು ದೀಪವೂ ಒಂದು ಬಿಟ್. ಉರಿದರೆ 1, ಆರಿದರೆ 0. ಉರಿಯುವ ಮೊದಲ ದೀಪ ಯಾವುದೆಂದು ಬೇಗ ಕಂಡುಹಿಡಿಯುವ ಪ್ರಯತ್ನಕ್ಕೆ ತನ್ನದೇ ಇತಿಹಾಸವಿದೆ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಮ್ಮ 386 ಕಂಪ್ಯೂಟರಿಗಾಗಿ ಲಿನಕ್ಸ್ ಕರ್ನೆಲ್ ಬರೆದರು. ಡಿಸ್ಕು, ಸ್ಮೃತಿ, ಪ್ರೊಸೆಸರ್‌ಗಳನ್ನು ಎಲ್ಲ ಕೆಲಸಗಳಿಗೂ ಹಂಚಿಕೊಡುವ ಮೇಸ್ತ್ರಿಯೇ ಕರ್ನೆಲ್. ಡಿಸ್ಕಿನ ಪ್ರತಿ ತುಂಡಿಗೂ ಅದು ಒಂದು ಬಿಟ್ ಇಟ್ಟಿತ್ತು: ತುಂಬಿದ್ದರೆ 1, ಖಾಲಿಯಿದ್ದರೆ 0. ಇಂಟೆಲ್ 1985ರಲ್ಲಿ ಹೊರತಂದ 80386 ಚಿಪ್‌ನಲ್ಲಿ, 32 ಬಿಟ್‌ಗಳ ಸಾಲಿನಲ್ಲಿ ಮೊದಲ 1 ಎಲ್ಲಿದೆಯೆಂದು ಹೇಳುವ ಆದೇಶವೊಂದಿತ್ತು. ಬೇಕಾದದ್ದು ಮೊದಲ 0. ಆದ್ದರಿಂದ ಸಾಲನ್ನೇ ತಿರುವುಮುರುವು ಮಾಡಿ, 0ಯನ್ನು 1 ಆಗಿಸಿ, ಅದೇ ಆದೇಶವನ್ನು ಬಳಸಲಾಯಿತು.

ಆದರೆ ಎಲ್ಲ ಚಿಪ್‌ಗಳಲ್ಲೂ ಈ ಆದೇಶವಿರಲಿಲ್ಲ. ಅಲ್ಲಿ ಸಾಲನ್ನು ಅರ್ಧ ಮಾಡಿ ‘ಈ 16ರಲ್ಲಿ ಇದೆಯೇ?’ ಎಂದು ಕೇಳಬೇಕು. ಆಮೇಲೆ 8, 4, 2, 1. ಐದೇ ಪ್ರಶ್ನೆಗಳಲ್ಲಿ ಉತ್ತರ ಸಿಗುತ್ತದೆ.

1998ರಲ್ಲಿ ಲೈಸರ್ಸನ್, ಪ್ರೊಕೊಪ್ ಮತ್ತು ರ‍್ಯಾಂಡಲ್ ಇನ್ನೊಂದು ಜಾಣ ದಾರಿಯನ್ನು ವಿವರಿಸಿದರು. ಛಂದಸ್ಸು ಕಲಿತವರಿಗೆ ಅದರ ಗುಟ್ಟು ಹೊಸದಲ್ಲ. ‘ಯಮಾತಾರಾಜಭಾನಸಲಗಂ’ ಸೂತ್ರದಲ್ಲಿ ಮೊದಲ ಎಂಟು ಅಕ್ಷರಗಳಲ್ಲಿ ಯಾವುದರಿಂದ ಆರಂಭಿಸಿ ಮೂರು ಅಕ್ಷರ ತೆಗೆದರೂ ಒಂದು ಗಣ. ಎಂಟು ಗಣಗಳೂ ಒಮ್ಮೊಮ್ಮೆ ಮಾತ್ರ ಬರುತ್ತವೆ. ಗಣ ತಿಳಿದರೆ ಸಾಲಿನಲ್ಲಿ ಅದರ ಸ್ಥಾನವೂ ತಿಳಿಯಿತು. ಹಾಗೆಯೇ 32 ಬಿಟ್‌ಗಳ ಒಂದು ವಿಶೇಷ ಸಂಖ್ಯೆಯಲ್ಲಿ ಐದೈದರ ಗುಂಪುಗಳು ಎರಡನೆಯ ಬಾರಿ ಬರುವುದಿಲ್ಲ. ಒಂದು ಗುಣಾಕಾರ, ಒಂದು ಪಟ್ಟಿ, ಸ್ಥಾನ ಸಿಕ್ಕಿತು.

ಇಷ್ಟೊಂದು ಹೆಣಗಾಟ ಏಕೆ? ಲಿನಕ್ಸ್ 2.4ರ ಕರ್ನೆಲ್ ಮುಂದಿನ ಸರದಿ ಯಾರದೆಂದು ತೀರ್ಮಾನಿಸಲು ಸಿದ್ಧವಾಗಿ ನಿಂತ ಎಲ್ಲ ಕೆಲಸಗಳನ್ನೂ ಪ್ರತಿ ಬಾರಿ ತೂಗಿ ನೋಡುತ್ತಿತ್ತು. ಸಾಲು ಬೆಳೆದಷ್ಟೂ ಆಯ್ಕೆಗೇ ಸಮಯ ಹೋಗುತ್ತಿತ್ತು. 2002ರ ಜನವರಿಯಲ್ಲಿ ಇಂಗೋ ಮೊಲ್ನಾರ್ ಇದನ್ನು ಬದಲಿಸಿದರು. ಆದ್ಯತೆಯ 140 ದರ್ಜೆಗಳು, ದರ್ಜೆಗೊಂದು ಬಿಟ್. ಆ ದರ್ಜೆಯಲ್ಲಿ ಯಾರಾದರೂ ಕಾಯುತ್ತಿದ್ದರೆ ದೀಪ ಉರಿಯುತ್ತದೆ. 32 ಬಿಟ್‌ಗಳ ಯಂತ್ರದಲ್ಲಿ ಐದು ಸಾಲುಗಳನ್ನು ನೋಡಿದರೆ ಮುಗಿಯಿತು. ಕಾಯುವವರು ಹತ್ತಿರಲಿ, ಹತ್ತು ಸಾವಿರವಿರಲಿ, ಹುಡುಕುವ ಶ್ರಮ ಒಂದೇ.

ಆದರೂ ಒಂದು ತೊಡಕು ಉಳಿಯಿತು. ಯಾವ ಕೆಲಸ ಯಾವ ದರ್ಜೆಗೆ ಸೇರಬೇಕು? ಬಳಕೆದಾರನ ಬೆರಳಿಗೆ ಥಟ್ಟನೆ ಸ್ಪಂದಿಸಬೇಕಾದ ಕೆಲಸವನ್ನು ಗುರುತಿಸುವ ಲೆಕ್ಕಾಚಾರಗಳು ಜಟಿಲವಾಗುತ್ತ ಹೋದವು. 2007ರಲ್ಲಿ ಸ್ವತಃ ಮೊಲ್ನಾರ್ ಅವರೇ ಸಾಮಾನ್ಯ ಕೆಲಸಗಳಿಗೆ ಬೇರೆ ಏರ್ಪಾಡು ತಂದರು: ಯಾರಿಗೆ ಎಷ್ಟು ಸಮಯ ಸಂದಿದೆಯೆಂದು ಲೆಕ್ಕವಿಟ್ಟು, ಕಡಿಮೆ ಪಡೆದವರಿಗೆ ಮೊದಲ ಸರದಿ. ಕ್ಷಣವೂ ತಡವಾಗಬಾರದ ತುರ್ತು ಕೆಲಸಗಳಿಗೆ ಮಾತ್ರ ಬಿಟ್‌ಗಳ ಸಾಲು ಹಾಗೆಯೇ ಉಳಿಯಿತು. ಬೇಗ ಹುಡುಕುವ ವಿದ್ಯೆ ಕೈಗೂಡಿದ ಮೇಲೂ, ಯಾರನ್ನು ಮೊದಲು ಕರೆಯಬೇಕು ಎಂಬ ನ್ಯಾಯದ ಪ್ರಶ್ನೆಗೆ ಬೇರೆಯೇ ಲೆಕ್ಕ ಬೇಕಾಯಿತು.