‘ಮಾಲು’ ಅಂದರೆ ಯಾವ ಮಾಲು?

ಹೋದ ತಿಂಗಳು ಆರಾಧನೆ ಮುಗಿದು ಚಹಾ ಕುಡಿಯುತ್ತಿದ್ದಾಗ, ನಮ್ಮ ಕೂಟದ ತಮ್ಮನೊಬ್ಬನ ಮೊಬೈಲಿಗೆ ಒಂದು ಮೆಸೇಜ್ ಬಂತು. ಪಕ್ಕದಲ್ಲಿದ್ದ ಅವರಪ್ಪ ಓದಿ ಕೇಳಿದರು: “ಮಾಲು ಬಂದದ ಅಂತ ಬರೆದಾರಲ್ಲೋ, ತೊಗರಿದಾ, ಬೆಲ್ಲದ್ದಾ?” ತಮ್ಮ ತಲೆ ತಗ್ಗಿಸಿದ. ನಮ್ಮಲ್ಲಿ ಕೆಲವರು ನಕ್ಕೆವು. ನಗಬಾರದಿತ್ತು ಅಂತ ಆಮೇಲೆ ಅನಿಸಿತು. ಈ ಮಾತು ಎಲ್ಲಿಂದ ಬಂತು ಅಂತ ಹುಡುಕಲು ಕೂತದ್ದು ಅದಕ್ಕೇ.

‘ಮಾಲ್’ ಅರಬ್ಬಿ ಮಾತು. ಆಸ್ತಿ, ಸಂಪತ್ತು ಅಂತ ಅರ್ಥ. ಫಾರ್ಸಿ, ಉರ್ದು ದಾಟಿ ನಮ್ಮ ಕಡೆ ಬಂದು ಸರಕು ಅಂತಾಯಿತು. ಮಾಲ್‌ಗಾಡಿ, ಮಾಲ್‌ಗುಜಾರಿ ಎಲ್ಲ ಅದರ ಸಂಬಂಧಿಕರೇ. 1956ರ ತನಕ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ದಫ್ತರದಲ್ಲಿ ಉರ್ದು, ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಯಾವ ಭಾಷೆಯಲ್ಲಿ ಮಾತಾಡಿದರೂ ಲಾರಿಗೆ ತುಂಬುವುದು ಮಾಲೇ.

ಗಿಡದ ಹಳೆಯ ಹೆಸರುಗಳು ಬೇರೆ. ‘ಭಂಗ’ ಅಥರ್ವವೇದದಲ್ಲೇ ಇದೆ. ಕನ್ನಡದಲ್ಲಿ ಅದು ಭಂಗಿ, ಭಂಗಿಸೊಪ್ಪು. ಗಾಂಜಾ ಕೂಡ ಸಂಸ್ಕೃತದ್ದೇ. 1845ರಿಂದ ಕರಾರಿನ ಕೂಲಿಗಳಾಗಿ ಜಮೈಕಾಕ್ಕೆ ಹೋದ ನಮ್ಮ ದೇಶದವರು ಆ ಹೆಸರನ್ನೂ ಕೊಂಡೊಯ್ದರು. ಅಲ್ಲಿ ಇಂದಿಗೂ ಗಾಂಜಾ ಅನ್ನುತ್ತಾರೆ.

1893-94ರಲ್ಲಿ ಬ್ರಿಟಿಷ್ ಸರ್ಕಾರ ಇದಕ್ಕಾಗಿಯೇ ಒಂದು ಆಯೋಗ ನೇಮಿಸಿತ್ತು. ಎಲೆ ಭಂಗಿ, ಹೂವಿನ ತುದಿ ಗಾಂಜಾ, ಅಂಟು ಚರಸ್ ಅಂತ ವಿಂಗಡಿಸಿ, ಪೂರ್ತಿ ನಿಷೇಧ ಬೇಡ, ಲೈಸೆನ್ಸು ತೆರಿಗೆಗಳಿಂದ ಹಿಡಿತವಿರಲಿ ಅಂತ ಹೇಳಿತು. ನಮಗೆ ಇದು ಆಶ್ಚರ್ಯದ ಸಂಗತಿ, ಆದರೆ ದಾಖಲೆಯಲ್ಲಿ ಇರುವುದು ಹಾಗೇ. ಲೈಸೆನ್ಸಿನ ಅಂಗಡಿಯಲ್ಲಿ ಸಿಗುವ ವಸ್ತುವಿಗೆ ಗುಟ್ಟಿನ ಹೆಸರು ಯಾಕೆ ಬೇಕು?

1985ರಲ್ಲಿ ಎನ್‌ಡಿಪಿಎಸ್ ಕಾಯಿದೆ ಬಂತು. ಮುಚ್ಚುಹೆಸರಿನ ಅಗತ್ಯ ಹೆಚ್ಚಿದ್ದು ಆಮೇಲೆ ಅಂತ ನಮ್ಮ ಊಹೆ. ‘ಮಾಲು’ ಚೆನ್ನಾಗಿ ಹೊಂದಿತು, ಯಾರ ಮುಂದೆ ಅಂದರೂ ಸಂಶಯವಿಲ್ಲ. 2020ರಲ್ಲಿ ಮುಂಬೈ ಸಿನಿಮಾದವರ ವಾಟ್ಸಾಪ್ ಮಾತು ಟಿವಿಯಲ್ಲಿ ಬಂದ ಮೇಲೆ ಗುಟ್ಟೂ ಉಳಿಯಲಿಲ್ಲ. (ಅಮೆರಿಕದ ಹುಡುಗರು 1971ರಲ್ಲಿ ಹುಟ್ಟಿಸಿದ ಗುಟ್ಟಿನ ಮಾತು 420. ನಮ್ಮಲ್ಲಿ ಅದು ಮೋಸಗಾರನ ಹೆಸರು!)

ಕಾಯಿದೆ ಮಾತ್ರ ಅಡ್ಡಹೆಸರು ಕೇಳುವುದಿಲ್ಲ, ತೂಕ ನೋಡುತ್ತದೆ. ಒಂದು ಕಿಲೋ ತನಕ ಸಿಕ್ಕರೆ ಒಂದು ವರ್ಷದವರೆಗೆ ಸಜೆ, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 20 ಕಿಲೋ ಮೀರಿದರೆ ಕನಿಷ್ಠ 10 ವರ್ಷ. ಬೆಳೆದವರಿಗೂ 10 ವರ್ಷದವರೆಗೆ ಜೈಲು. ನಾರಾಯಣಖೇಡದ ಕಡೆ ಹೊಲದ ಬೆಳೆ ನಡುವೆ ಗಿಡ ಸಿಕ್ಕ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ನೀರು ಹಾಯಿಸಿದ ಕೂಲಿಯವನೂ ಸಿಕ್ಕಿಬೀಳಬಹುದು.

ಆ ತಮ್ಮ ಮರುವಾರ ಅಪ್ಪನಿಗೆ ತಾನೇ ಹೇಳಿದನಂತೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನಾಳೆ ತಾಂಡೂರಿಗೆ ತೊಗರಿ ಒಯ್ಯೋದದ, ನೀನೂ ಬಾ” ಅಂದರಂತೆ.